ಶುಭ ಶುಕ್ರವಾರದ ಏಳು ಮಾತು: ಒಂದು ನಿಮ್ಮ ಪಾಲಿಗೆ ಬಂದರೆ

ಬೂದಿ ಬುಧವಾರ ಕಳೆದು ಒಂದೆರಡು ವಾರಕ್ಕೆ ಸಭಾಪಾಲಕರು ಹೆಸರು ಓದುತ್ತಾರೆ. ಯೇಸು ಶಿಲುಬೆಯ ಮೇಲಿಂದ ಆಡಿದ ಏಳು ಮಾತುಗಳಲ್ಲಿ ಇಂಥದ್ದು ಇಂಥವರಿಗೆ, ತಲಾ 12 ನಿಮಿಷ. ಸಭಾ ಹಿರಿಯರೊಬ್ಬರು, ಸ್ತ್ರೀಯರ ಕೂಟದಿಂದ ಇಬ್ಬರು, ಯುವಜನ ಕೂಟದಿಂದ ಒಬ್ಬರು, ಒಬ್ಬ ಮೇಷ್ಟ್ರು, ಒಬ್ಬ ನರ್ಸ್. ವರ್ಷವಿಡೀ ಪ್ರಸಂಗಪೀಠ ಹತ್ತದವರೂ ಆ ದಿನ ಹತ್ತಬೇಕಾಗುತ್ತದೆ. ಈ ಬರಹ ಅಂಥವರಿಗಾಗಿ. ದೇವಶಾಸ್ತ್ರ ಓದಿರಬೇಕೆಂದಿಲ್ಲ. ಮೂರು ವಾರ, ಒಂದು ನೋಟ್‌ಬುಕ್, ಗಡಿಯಾರ, ನಿಮ್ಮ ಸಭೆಯಲ್ಲಿ ಓದುವ ಸತ್ಯವೇದ ಇದ್ದರೆ ಸಾಕು.

ಮೂರು ತಾಸಿನ ಲೆಕ್ಕ

ಆರಾಧನೆ ಮಧ್ಯಾಹ್ನ 12ರಿಂದ 3ರವರೆಗೆ. ಆ ವೇಳೆ ಬಂದದ್ದು ಮಾರ್ಕ 15:33ರಿಂದ: ಆರನೇ ತಾಸಿನಿಂದ ಒಂಬತ್ತನೇ ತಾಸಿನವರೆಗೆ ದೇಶದ ಮೇಲೆಲ್ಲಾ ಕತ್ತಲೆ ಕವಿಯಿತು. ಬೆಳಗಿನ ಆರರಿಂದ ಎಣಿಸಿದರೆ ಆರನೇ ತಾಸು ನಮ್ಮ ನಡುಮಧ್ಯಾಹ್ನ. ಇಲ್ಲೊಂದು ಸಣ್ಣ ತಪ್ಪು ವರ್ಷ ವರ್ಷವೂ ಕೇಳಿಬರುತ್ತದೆ: ‘ಯೇಸು ಮೂರು ತಾಸು ಶಿಲುಬೆಯ ಮೇಲಿದ್ದನು’ ಎಂದು. ಮೂರು ತಾಸು ಇದ್ದದ್ದು ಕತ್ತಲೆ. ಮಾರ್ಕ 15:25ರ ಪ್ರಕಾರ ಶಿಲುಬೆಗೆ ಹಾಕಿದ್ದು ಬೆಳಗ್ಗೆ ಒಂಬತ್ತರ ಹೊತ್ತಿಗೆ. ಅಂದರೆ ಆರು ತಾಸು. ಯೋಹಾನ 19:14ರ ಲೆಕ್ಕ ಇದಕ್ಕೆ ಹೊಂದುವುದಿಲ್ಲ. ಅದನ್ನು ಪೀಠದ ಮೇಲೆ ನಿಂತು ಬಿಡಿಸಲು ಹೋಗಬೇಡಿ, 12 ನಿಮಿಷವೂ ಅಲ್ಲೇ ಕರಗುತ್ತದೆ.

ಏಳು ಮಾತುಗಳನ್ನು ಮೂರು ತಾಸಿನ ಧ್ಯಾನವಾಗಿ ಜೋಡಿಸಿದ್ದು 17ನೇ ಶತಮಾನದ ಕೊನೆಯಲ್ಲಿ, ಪೆರು ದೇಶದ ಲಿಮಾ ನಗರದಲ್ಲಿ, ಅಲೊನ್ಸೊ ಮೆಸಿಯಾ ಬೆದೋಯಾ ಎಂಬ ಜೆಸ್ವಿಟ್ ಪಾದ್ರಿ. ಅಲ್ಲಿಂದ ಸ್ಪೇನ್, ಯೂರೋಪು ದಾಟಿ ಪ್ರೊಟೆಸ್ಟಂಟ್ ಸಭೆಗಳಿಗೂ ಬಂತು. ಒಂದು ಮಾತು, ಅದರ ಮೇಲೆ ಸಣ್ಣ ಪ್ರಸಂಗ, ಆಮೇಲೆ ಹಾಡು ಅಥವಾ ಮೌನ: ಈ ಮೂಲ ಚೌಕಟ್ಟು ಹಾಗೇ ಉಳಿದಿದೆ. ನೀವು ಕೊಡುವುದು ಭಾನುವಾರದ ಪೂರ್ತಿ ಪ್ರಸಂಗವಲ್ಲ, ಒಂದು ಮಾಲೆಯ ಏಳನೇ ಒಂದು ಮಣಿ.

ನಿಮಿಷ ಹಂಚುವುದು ಹೀಗೆ: ಆರಂಭದ ಗೀತೆ, ಪ್ರಾರ್ಥನೆ, ಪಾಪದ ಅರಿಕೆ ಸೇರಿ 12. ಪ್ರತಿ ಮಾತಿಗೆ ವೇದಪಾಠ 2, ಸಂದೇಶ 12, ಮೌನ 2, ಗೀತೆ 4, ಪ್ರಾರ್ಥನೆ 2, ಒಟ್ಟು 22. ಏಳು ಸಲಕ್ಕೆ 154. ಉಳಿದ 14 ನಿಮಿಷ ಕಾಣಿಕೆಗೂ ಮುಕ್ತಾಯಕ್ಕೂ. ಮೂರು ತಾಸು ಇಲ್ಲಿಗೇ ಸರಿಹೋಯಿತು, ಮಿಗಿಸಿಕೊಳ್ಳಲು ಒಂದು ನಿಮಿಷವೂ ಇಲ್ಲ. ಮೊದಲ ಮೂವರು ತಲಾ ಐದು ನಿಮಿಷ ಹೆಚ್ಚು ತೆಗೆದುಕೊಂಡರೆ ಆರನೆಯವರಿಗೂ ಏಳನೆಯವರಿಗೂ ಉಳಿಯುವುದು ನಾಲ್ಕೈದು ನಿಮಿಷ. ಎಲ್ಲಕ್ಕಿಂತ ಭಾರವಾದ ಎರಡು ಮಾತುಗಳು ಹೀಗೆ ಓಡಿಹೋಗುತ್ತವೆ, ಎಷ್ಟೋ ಸಭೆಗಳಲ್ಲಿ ಆಗುವುದೇ ಇದು.

ಮೊದಲ ವಾರ: ಓದು

ಏಳು ಮಾತೂ ಒಂದೇ ಸುವಾರ್ತೆಯಲ್ಲಿಲ್ಲ. ಲೂಕನಲ್ಲಿ ಮೂರು: ಕ್ಷಮೆಯ ಪ್ರಾರ್ಥನೆ (23:34), ಪಕ್ಕದ ಶಿಲುಬೆಯ ದುಷ್ಕರ್ಮಿಗೆ ಹೇಳಿದ ಪರದೈಸಿನ ಮಾತು (23:43), ಆತ್ಮವನ್ನು ಒಪ್ಪಿಸಿದ್ದು (23:46). ಯೋಹಾನನಲ್ಲಿ ಮೂರು: ತಾಯಿ ಮತ್ತು ಶಿಷ್ಯ (19:26–27), ನೀರಡಿಕೆ (19:28), ತೀರಿತು (19:30). ಕೈಬಿಟ್ಟೆಯಾ ಎಂಬ ಕೂಗು ಮತ್ತಾಯ 27:46 ಮತ್ತು ಮಾರ್ಕ 15:34ರಲ್ಲಿ ಮಾತ್ರ.

ಇದರಿಂದ ಒಂದು ನಿಯಮ ಹುಟ್ಟುತ್ತದೆ. ನಿಮ್ಮ ಮಾತು ಯಾವ ಸುವಾರ್ತೆಯದೋ ಅದೇ ಸುವಾರ್ತೆಯನ್ನು ಪೂರ್ತಿ ಓದಿ, ಒಂದೇ ಕೂರಿಕೆಯಲ್ಲಾದರೆ ಒಳ್ಳೆಯದು. ಮಾರ್ಕನಿಗೆ ಒಂದೂವರೆ ತಾಸು ಸಾಕು. ಲೂಕನಿಗೆ ಎರಡೂವರೆ ಬೇಕು. ನೀವು ಹುಡುಕುತ್ತಿರುವುದು ಆ ಮಾತಿನ ಬೇರನ್ನು. ಲೂಕನಲ್ಲಿ ಪಾಪಿಗಳ ಜೊತೆ ಊಟಕ್ಕೆ ಕೂತವನೇ ಕೊನೆಗೆ ದುಷ್ಕರ್ಮಿಯ ಜೊತೆ ಸಾಯುತ್ತಾನೆ. ಯೋಹಾನನಲ್ಲಿ ಸಮಾರ್ಯದ ಬಾವಿಯ ಹತ್ತಿರ ಜೀವಜಲದ ಮಾತಾಡಿದವನಿಗೇ ನೀರಡಿಕೆಯಾಗುತ್ತದೆ. ಇಂಥ ಎಳೆ ಒಂದು ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಪ್ರಸಂಗ ಕೈಕೊಡುವುದು ಇಲ್ಲಿಯೇ: ಅದರಲ್ಲಿ ಏಳೂ ಮಾತು ಒಂದೇ ಪುಸ್ತಕದಿಂದ ಬಂದಂತೆ ಕಲಸಿಹೋಗಿರುತ್ತವೆ.

ಆಮೇಲೆ ನಿಮ್ಮ ವಚನವನ್ನೂ ಅದರ ಹಿಂದು ಮುಂದಿನ ಹತ್ತು ವಚನಗಳನ್ನೂ ಕೈಯಲ್ಲಿ ಬರೆಯಿರಿ. ಟೈಪ್ ಮಾಡಬೇಡಿ. ಓದುವಾಗ ಕಣ್ಣಿಗೆ ಬೀಳದ ಪದಗಳು ಬರೆಯುವಾಗ ಬೀಳುತ್ತವೆ. ಸಭೆಯಲ್ಲಿ ಓದುವ ಭಾಷಾಂತರ ಯಾವುದು ಎಂದು ಕೇಳಿಕೊಳ್ಳಿ. ವೇದಪಾಠ ಓದುವವರ ಕೈಯಲ್ಲಿ ಹಳೆಯ ಭಾಷಾಂತರ, ನಿಮ್ಮ ಮೊಬೈಲಿನಲ್ಲಿ ಹೊಸದು ಇದ್ದರೆ, ನೀವು ‘ಈ ಪದ ನೋಡಿ’ ಎಂದಾಗ ಆ ಪದವೇ ಯಾರಿಗೂ ಕಾಣಿಸುವುದಿಲ್ಲ.

ಇನ್ನೊಂದು ಸಣ್ಣ ವಿಷಯ ಈಗಲೇ ತೀರ್ಮಾನವಾಗಲಿ. ಯೇಸು ‘ಹೇಳಿದನು’ ಎನ್ನುತ್ತೀರೋ ‘ಹೇಳಿದರು’ ಎನ್ನುತ್ತೀರೋ? ಸತ್ಯವೇದದ ಏಕವಚನ ಒಂದು ರೂಢಿ, ‘ಯೇಸುಸ್ವಾಮಿಯವರು’ ಇನ್ನೊಂದು. ಎರಡೂ ಸರಿ. ಒಂದೇ ಸಂದೇಶದಲ್ಲಿ ಅದಲು ಬದಲಾದರೆ ಮಾತ್ರ ಕಿವಿಗೆ ಕಲ್ಲು ಸಿಕ್ಕಂತಾಗುತ್ತದೆ.

ಎರಡನೇ ವಾರ: ಒಂದೇ ಒಂದು ವಾಕ್ಯ

ಸಂದೇಶ ಬರೆಯುವ ಮೊದಲು ಅದರ ಸಾರವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ, ಹದಿನೈದು ಪದ ಮೀರದಂತೆ. ಈಗ ಹೈಸ್ಕೂಲಿನ ವ್ಯಾಕರಣ ನೆನಪಿಸಿಕೊಂಡು ಒಂದು ಪ್ರಶ್ನೆ ಕೇಳಿ: ಈ ವಾಕ್ಯದ ಕರ್ತೃ ಯಾರು? ‘ನಾವು ಶತ್ರುಗಳನ್ನು ಕ್ಷಮಿಸಬೇಕು’, ‘ನಾವು ತಂದೆತಾಯಿಯನ್ನು ನೋಡಿಕೊಳ್ಳಬೇಕು’, ‘ನಾವು ಕಷ್ಟದಲ್ಲಿ ನಂಬಿಕೆ ಬಿಡಬಾರದು’ ಎಂದೆಲ್ಲ ಬಂದಿದ್ದರೆ ಕರ್ತೃ ನಾವೇ. ಮೂರೂ ಒಳ್ಳೆಯ ಮಾತು. ಆದರೆ ಶುಭ ಶುಕ್ರವಾರದ ಕೆಲಸ ಅದಲ್ಲ. ಆ ದಿನದ ವಾಕ್ಯಕ್ಕೆ ಕರ್ತೃ ದೇವರು, ಕ್ರಿಯಾಪದ ‘ಕೊಟ್ಟನು’. ಯೋಹಾನ 3:16ರಲ್ಲಿ ಇರುವುದೂ ಅದೇ: ದೇವರು ಲೋಕವನ್ನು ಪ್ರೀತಿಸಿದನು, ಕೊಟ್ಟನು. ರೋಮಾಪುರ 5:8ರಲ್ಲೂ ಅದೇ: ನಾವು ಇನ್ನೂ ಪಾಪಿಗಳಾಗಿರುವಾಗಲೇ. ನಾವು ಸರಿಹೋದ ಮೇಲೆ ಅಲ್ಲ.

ನಮ್ಮ ಕಡೆ ಈ ದಿಕ್ಕು ತಪ್ಪುವುದಕ್ಕೆ ಭಾಷೆಯೂ ಒಂದು ಕಾರಣ. ‘ಬಲಿ’ ಎಂದ ಕೂಡಲೇ ಕನ್ನಡದ ಕಿವಿಗೆ ಬರುವ ಚಿತ್ರ ಬೇರೆ. ಹರಕೆ ಹೊತ್ತ ಮನುಷ್ಯ ಕೊಡುತ್ತಾನೆ, ದೇವರು ಅಥವಾ ಮಾರಿ ತೆಗೆದುಕೊಳ್ಳುತ್ತಾರೆ, ಕೋಪ ಇಳಿಯುತ್ತದೆ. ಪತ್ರಿಕೆಯಲ್ಲಾದರೆ ‘ಅಪಘಾತಕ್ಕೆ ಇಬ್ಬರು ಬಲಿ’. ಅಲ್ಲಿ ಕೊಡುವವರೇ ಇಲ್ಲ, ಸತ್ತವರು ಸುಮ್ಮನೆ ಸಿಕ್ಕಿಹಾಕಿಕೊಂಡವರು. ಶಿಲುಬೆ ಈ ಎರಡೂ ಅಲ್ಲ. ಇಲ್ಲಿ ಕೊಡುವ ಕೈ ಮೇಲಿನದು, ತೆಗೆದುಕೊಳ್ಳುವ ಕೈ ನಮ್ಮದು. ಈ ತಿರುವನ್ನು ಬಾಯಿಬಿಟ್ಟು ಹೇಳದಿದ್ದರೆ ಕೇಳುವವರು ಹಳೆಯ ಚಿತ್ರದಲ್ಲೇ ಕೂತಿರುತ್ತಾರೆ: ಸಿಟ್ಟಾದ ದೇವರು, ಸಮಾಧಾನಕ್ಕೆ ಒಂದು ಪ್ರಾಣ. ಹಾಗೆಂದು ಊರ ಜಾತ್ರೆಯನ್ನು ಹೀಗಳೆದು ಇದನ್ನು ವಿವರಿಸಬೇಡಿ. ಆ ದಿನ ಬೆಂಚಿನ ಮೇಲೆ ಅಕ್ಕಪಕ್ಕದ ಮನೆಯವರೂ ಕೂತಿರುತ್ತಾರೆ, ಅವರು ನಿಮ್ಮ ಅತಿಥಿಗಳು.

‘ಬಲಿ’ಗಿಂತ ಒಳ್ಳೆಯ ಬಾಗಿಲು ಮಾರ್ಕ 10:45ರಲ್ಲಿದೆ. ಹಳೆಯ ಕನ್ನಡ ಭಾಷಾಂತರದಲ್ಲಿ ಮನುಷ್ಯಕುಮಾರನು ಬಂದದ್ದು ಅನೇಕರನ್ನು ‘ಬಿಡಿಸಿಕೊಳ್ಳುವುದಕ್ಕಾಗಿ’ ತನ್ನ ಪ್ರಾಣವನ್ನು ‘ಈಡು’ ಕೊಡುವುದಕ್ಕೆ. ಇವೆರಡೂ ಸಾಲದ ಅಂಗಡಿಯ ಮಾತು. ಮಗಳ ಫೀಸಿಗೋ ಬೋರ್‌ವೆಲ್ಲಿಗೋ ಬಳೆ ಅಡವಿಟ್ಟವರಿಗೆ ಒಡವೆ ಬಿಡಿಸಿಕೊಳ್ಳುವುದು ಎಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. ಒಡವೆ ಎಂದಿಗೂ ಅಂಗಡಿಯವನದಲ್ಲ, ಮನೆಯವರದೇ. ಆದರೂ ಬೀರುವಿನಲ್ಲಿ ಬಿದ್ದಿದೆ. ಅದು ತಾನಾಗಿ ಎದ್ದು ಬರಲಾರದು, ಯಾರಾದರೂ ಹೋಗಿ ಬೆಲೆ ತೆತ್ತು ತರಬೇಕು. ರಕ್ಷಣೆಯ ಅರ್ಥವನ್ನು ‘ವಿಮೋಚನೆ’, ‘ಪ್ರಾಯಶ್ಚಿತ್ತ’ ಎಂಬ ಪದಗಳಿಂದ ಹೊಲಿಯುವುದಕ್ಕಿಂತ ಈ ಬಳೆಯನ್ನು ತೋರಿಸಿದರೆ ಕೊನೆಯ ಬೆಂಚಿನ ಅಜ್ಜಿಗೂ ತಲುಪುತ್ತದೆ.

ಆದರೆ ಯಾವ ಹೋಲಿಕೆಯೂ ಒಂದು ಕಡೆ ಕುಂಟುತ್ತದೆ. ‘ಹಾಗಾದರೆ ಬೆಲೆ ತೆತ್ತದ್ದು ಯಾರಿಗೆ?’ ಎಂದು ಯುವಜನ ಕೂಟದ ಹುಡುಗ ಕೇಳೇ ಕೇಳುತ್ತಾನೆ. ಸೈತಾನನಿಗೆ ಎನ್ನಬೇಡಿ. ಹಳೆಯ ಕಾಲದಲ್ಲಿ ಕೆಲವರು ಹಾಗೆ ಹೇಳಿದ್ದುಂಟು. 4ನೇ ಶತಮಾನದಲ್ಲೇ ನಾಜಿಯಾನ್ಸದ ಗ್ರೆಗರಿ ಎಂಬ ಬಿಷಪ್ ಅದನ್ನು ತಳ್ಳಿಹಾಕಿದ. ಹೊಸ ಒಡಂಬಡಿಕೆ ಈಡು ಕೊಟ್ಟದ್ದನ್ನು ಹೇಳುತ್ತದೆ, ಯಾರ ಕೈಗೆ ಎಂದು ಹೇಳುವುದಿಲ್ಲ. ಅದು ನಿಲ್ಲಿಸಿದಲ್ಲೇ ನೀವೂ ನಿಲ್ಲಿಸಿ.

ಬಿಡಬೇಕಾದ ಕಥೆ

ರೈಲು ಸೇತುವೆಯ ಕಥೆ ನೀವು ಕೇಳಿರಬಹುದು: ಸೇತುವೆ ಕಾಯುವ ತಂದೆ, ಯಂತ್ರದೊಳಗೆ ಸಿಕ್ಕಿಬಿದ್ದ ಮಗ, ಹಳಿಯ ಮೇಲೆ ಬರುತ್ತಿರುವ ರೈಲು. ಪ್ರಯಾಣಿಕರನ್ನು ಉಳಿಸಲು ತಂದೆ ಲಿವರ್ ಎಳೆಯುತ್ತಾನೆ. ಕೇಳಿದವರು ಅಳುತ್ತಾರೆ, ಅದಕ್ಕೇ ಈ ಕಥೆ ಸಾಯುವುದಿಲ್ಲ. ಆದರೆ ಇದು ಶಿಲುಬೆಯ ಕಥೆಯಲ್ಲ. ಆ ಹುಡುಗನಿಗೆ ಏನಾಗುತ್ತಿದೆ ಎಂದೇ ಗೊತ್ತಿಲ್ಲ, ಅವನನ್ನು ಯಾರೂ ಕೇಳಿಲ್ಲ. ಯೋಹಾನ 10:18ರಲ್ಲಿ ಯೇಸು ಹೇಳುವುದು ನೇರ ಉಲ್ಟಾ: ನನ್ನ ಪ್ರಾಣವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ನಾನಾಗಿಯೇ ಕೊಡುತ್ತೇನೆ. 2 ಕೊರಿಂಥ 5:19ರಲ್ಲಿ ದೇವರು ದೂರದಲ್ಲಿ ನಿಂತು ಲಿವರ್ ಎಳೆಯುತ್ತಿಲ್ಲ. ಕ್ರಿಸ್ತನಲ್ಲಿದ್ದುಕೊಂಡೇ ಲೋಕವನ್ನು ತನ್ನೊಂದಿಗೆ ಸಮಾಧಾನಪಡಿಸಿಕೊಳ್ಳುತ್ತಿದ್ದಾನೆ. ತಂದೆ ಒಂದು ಕಡೆ, ಮಗ ಇನ್ನೊಂದು ಕಡೆ ಎಂದು ಒಡೆಯುವ ಯಾವ ಉದಾಹರಣೆಯೂ ಪ್ರೀತಿಯನ್ನು ಹೇಳುವುದಿಲ್ಲ, ಕ್ರೌರ್ಯವನ್ನು ಹೇಳುತ್ತದೆ. ಮಕ್ಕಳು ಇದನ್ನು ನಮಗಿಂತ ಬೇಗ ಹಿಡಿಯುತ್ತಾರೆ. ಸಂಡೇ ಸ್ಕೂಲಿನಲ್ಲಿ ಈ ಕಥೆ ಹೇಳಿ ನೋಡಿ: ‘ಆ ಅಪ್ಪ ಕೆಟ್ಟವನಾ?’ ಎಂಬ ಪ್ರಶ್ನೆ ಬರದೆ ಇರದು.

ಮೊಳೆಯ ಉದ್ದ, ಚಾಟಿಯ ಗಂಟು, ನರ ಹರಿದದ್ದು, ಉಸಿರು ಕಟ್ಟಿದ್ದು ಎಂದು ವೈದ್ಯಕೀಯ ವರದಿ ಒಪ್ಪಿಸುವವರೂ ಇದ್ದಾರೆ. ನಾಲ್ಕೂ ಸುವಾರ್ತೆಗಳು ಆ ಕ್ಷಣವನ್ನು ‘ಶಿಲುಬೆಗೆ ಹಾಕಿದರು’ ಎಂಬ ಒಂದೇ ಮಾತಿನಲ್ಲಿ ದಾಟುತ್ತವೆ. ಅವರಿಗಿಂತ ಹೆಚ್ಚು ರಕ್ತ ನಿಮಗೆ ಬೇಡ.

‘ಯೆಹೂದ್ಯರು ಯೇಸುವನ್ನು ಕೊಂದರು’ ಎಂದು ಇಡೀ ಜನಾಂಗದ ಮೇಲೆ ಹೊರಿಸುವ ಮಾತಂತೂ ಬರಲೇಕೂಡದು. ಶಿಲುಬೆ ರೋಮನ್ನರ ಶಿಕ್ಷೆ, ತೀರ್ಪು ರೋಮನ್ ಅಧಿಪತಿ ಪಿಲಾತನದು, ಸತ್ತವನೂ ಯೆಹೂದ್ಯನೇ, ಕೆಳಗೆ ನಿಂತು ಅತ್ತವರೂ ಯೆಹೂದ್ಯರೇ. ಯೂರೋಪಿನಲ್ಲಿ ಶುಭ ಶುಕ್ರವಾರದ ಪ್ರಸಂಗ ಕೇಳಿ ಹೊರಬಂದವರು ಯೆಹೂದಿ ಕೇರಿಗಳ ಮೇಲೆ ಬಿದ್ದ ಇತಿಹಾಸವಿದೆ. 1965ರಲ್ಲಿ ಕಥೋಲಿಕ ಸಭೆಯ ಎರಡನೇ ವ್ಯಾಟಿಕನ್ ಮಹಾಸಭೆ ಆ ಆರೋಪವನ್ನು ಬರವಣಿಗೆಯಲ್ಲೇ ತಳ್ಳಿಹಾಕಿತು. ‘ಮಹಾಯಾಜಕರೂ ಅಧಿಕಾರಿಗಳೂ’ ಎಂದರೆ ಸಾಕು.

ಯಾವ ಮಾತಿನಲ್ಲಿ ಎಲ್ಲಿ ಜಾರುತ್ತದೆ

ಮೊದಲನೆಯದು, ‘ತಂದೆಯೇ, ಅವರಿಗೆ ಕ್ಷಮಿಸು’. ಯಾರೂ ಕ್ಷಮೆ ಕೇಳಿರಲಿಲ್ಲ. ಆ ಹೊತ್ತಿಗೆ ಬಟ್ಟೆಗೆ ಚೀಟು ಹಾಕುತ್ತಿದ್ದರು. ಕೇಳುವ ಮೊದಲೇ ಕೊಟ್ಟದ್ದು ಇಲ್ಲಿನ ತಿರುಳು. ಹಿಂಸೆ ತಿನ್ನುತ್ತಿರುವ ಹೆಂಗಸಿಗೆ ‘ನೀನೂ ಕ್ಷಮಿಸಿ ಮನೆಗೆ ಹೋಗು’ ಎಂದು ಕೇಳಿಸುವಂತೆ ಈ ವಚನವನ್ನು ತಿರುಗಿಸಬೇಡಿ. ಅಂಥವರು ಆ ದಿನವೂ ಸಭೆಯಲ್ಲಿ ಕೂತಿರುತ್ತಾರೆ.

ಎರಡನೆಯದು, ಪರದೈಸಿನ ಮಾತು. ಇಲ್ಲಿ ‘ಬಲಗಡೆಯ ಕಳ್ಳ’ ಎನ್ನುವುದು ರೂಢಿ. ಬಲವೋ ಎಡವೋ ಲೂಕ ಹೇಳುವುದಿಲ್ಲ, ಹೆಸರನ್ನೂ ಹೇಳುವುದಿಲ್ಲ. ಹೆಸರು ನಂತರದ ಸಂಪ್ರದಾಯ ಕೊಟ್ಟದ್ದು. ಆ ಮನುಷ್ಯನಿಗೆ ದೀಕ್ಷಾಸ್ನಾನವಾಗಲಿಲ್ಲ, ಕಾಣಿಕೆ ಹಾಕಲು ಕೈ ಬಿಡುವಿರಲಿಲ್ಲ, ತಿದ್ದಿಕೊಂಡು ತೋರಿಸಲು ನಾಳೆ ಇರಲಿಲ್ಲ. ಅವನು ಕೇಳಿದ್ದು ‘ನೆನಸಿಕೋ’ ಎಂದಷ್ಟೇ, ಸಿಕ್ಕಿದ್ದು ‘ಈ ಹೊತ್ತೇ’. ರಕ್ಷಣೆ ಕೃಪೆಯಿಂದಲೇ ಎಂಬ ಎಫೆಸ 2:8ಕ್ಕೆ ಇದಕ್ಕಿಂತ ಸ್ಪಷ್ಟ ಚಿತ್ರ ಬೇರೆ ಇಲ್ಲ. ‘ಹಾಗಾದರೆ ಕೊನೆಗಳಿಗೆಯಲ್ಲಿ ನೋಡಿಕೊಂಡರಾಯಿತು’ ಎನ್ನುವವರಿಗೆ ಪಕ್ಕದ ಶಿಲುಬೆಯನ್ನು ತೋರಿಸಿ: ಅದೇ ಕೊನೆಗಳಿಗೆ, ಅಷ್ಟೇ ಹತ್ತಿರ, ಆದರೂ ಬಾಯಿಗೆ ಬಂದದ್ದು ಹಂಗಿಸುವ ಮಾತು.

ಮೂರನೆಯದು, ತಾಯಿಗೂ ಶಿಷ್ಯನಿಗೂ ಹೇಳಿದ್ದು, ತಾಯಂದಿರ ದಿನದ ಭಾಷಣವಾಗಿ ಬಿಡುತ್ತದೆ. ತಡೆಯಲು ಒಂದು ಉಪಾಯವಿದೆ: ಕೊನೆಯ ಸಾಲನ್ನು ಹಿಡಿಯಿರಿ. ಆ ಗಳಿಗೆಯಿಂದ ಆ ಶಿಷ್ಯನು ಆಕೆಯನ್ನು ತನ್ನ ಮನೆಗೆ ಕರೆದುಕೊಂಡು ಹೋದನು. ರಕ್ತಸಂಬಂಧವಿಲ್ಲದ ಇಬ್ಬರು ಶಿಲುಬೆಯ ಬುಡದಲ್ಲಿ ಒಂದು ಮನೆಯವರಾದರು. ಮಕ್ಕಳೆಲ್ಲ ಬೆಂಗಳೂರಲ್ಲೋ ದುಬೈನಲ್ಲೋ ಇದ್ದು ಒಂಟಿಯಾಗಿ ಬಂದು ಕೂರುವ ಅಮ್ಮನವರು ನಿಮ್ಮ ಸಭೆಯಲ್ಲಿ ಎಷ್ಟು ಜನ ಇದ್ದಾರೆ ಎಂದು ಬರೆಯುವ ಮೊದಲು ಎಣಿಸಿಕೊಳ್ಳಿ.

ನಾಲ್ಕನೆಯದು, ಕೈಬಿಟ್ಟೆಯಾ ಎಂಬ ಕೂಗು. ಇದೇ ಕಠಿಣ. ‘ಪಾಪವನ್ನು ನೋಡಲಾರದೆ ತಂದೆ ಮುಖ ತಿರುಗಿಸಿಕೊಂಡನು’ ಎಂಬ ವಾಕ್ಯ ಎಷ್ಟು ಬಳಕೆಯಲ್ಲಿದೆಯೆಂದರೆ ಅದೇ ವಚನ ಎಂದುಕೊಂಡವರಿದ್ದಾರೆ. ಸುವಾರ್ತೆಯಲ್ಲಿ ಅದಿಲ್ಲ. ಯೇಸು ಕೂಗಿದ್ದು 22ನೇ ಕೀರ್ತನೆಯ ಮೊದಲ ಸಾಲು. ಅದೇ ಕೀರ್ತನೆಯ 24ನೇ ವಚನ, ದೇವರು ತನ್ನ ಮುಖವನ್ನು ಮರೆಮಾಡಲಿಲ್ಲ, ಮೊರೆ ಕೇಳಿದನು ಎನ್ನುತ್ತದೆ. ಆದರೆ ಇದನ್ನು ಹಿಡಿದುಕೊಂಡು ಆ ಕೂಗನ್ನು ಬರೀ ಕಂಠಪಾಠ ಎಂದು ತೆಳುಮಾಡುವುದೂ ತಪ್ಪು. ಕೂಗು ನಿಜವಾದದ್ದು, ಕತ್ತಲೆ ನಿಜವಾದದ್ದು. ಆದರೂ ಕೂಗಿದ್ದು ‘ನನ್ನ ದೇವರೇ’ ಎಂದೇ. ಈ ಎರಡನ್ನೂ ಬಿಡದೆ ಹಿಡಿದು ನಿಂತರೆ ಸಾಕು, ವಿವರಣೆ ಪೂರ್ತಿಯಾಗಬೇಕಿಲ್ಲ.

ಐದನೆಯದು, ನೀರಡಿಕೆಯ ಮಾತು. ಇಲ್ಲಿ ಎರಡು ಪಾನೀಯ ಕಲಸಿಹೋಗುತ್ತವೆ. ಮೊದಲು ರಕ್ತಬೋಳ ಬೆರೆಸಿದ ದ್ರಾಕ್ಷಾರಸ ಕೊಟ್ಟಾಗ ಆತನು ತೆಗೆದುಕೊಳ್ಳಲಿಲ್ಲ (ಮಾರ್ಕ 15:23). ಕೊನೆಗೆ ಹುಳಿರಸವನ್ನು ತೆಗೆದುಕೊಂಡನು (ಯೋಹಾನ 19:30). ಹುಳಿರಸ ಸಿಪಾಯಿಗಳು ದಿನಾ ಕುಡಿಯುತ್ತಿದ್ದ ಅಗ್ಗದ ಪಾನೀಯ, ವಿಷವಲ್ಲ. ಸ್ಪಂಜು ಸಿಕ್ಕಿಸಿದ್ದು ಹಿಸ್ಸೋಪು ಎಂಬ ಗಿಡದ ಕಡ್ಡಿಗೆ. ವಿಮೋಚನಕಾಂಡ 12:22ರಲ್ಲಿ ಪಸ್ಕದ ಕುರಿಯ ರಕ್ತವನ್ನು ಬಾಗಿಲಿಗೆ ಹಚ್ಚಿದ್ದೂ ಹಿಸ್ಸೋಪಿನಿಂದಲೇ. ಈ ಮಾತು ಬರುವ ಹೊತ್ತಿಗೆ ಗಂಟೆ ಎರಡಾಗುತ್ತ ಬಂದಿರುತ್ತದೆ, ಉಪವಾಸದವರ ನಾಲಿಗೆ ಒಣಗಿರುತ್ತದೆ. ದೇವರ ಮಗನಿಗೆ ನಿಜವಾದ ಗಂಟಲಿತ್ತು ಎಂಬುದಕ್ಕೆ ಬೇರೆ ಉದಾಹರಣೆ ಹುಡುಕಬೇಡಿ.

ಆರನೆಯದನ್ನು ಕೆಳಗೆ ಮಾದರಿಯಾಗಿ ನೋಡೋಣ. ಏಳನೆಯದು, ಆತ್ಮವನ್ನು ಒಪ್ಪಿಸಿದ ಮಾತು, 31ನೇ ಕೀರ್ತನೆಯ 5ನೇ ವಚನ, ಮುಂದೆ ‘ತಂದೆಯೇ’ ಎಂಬ ಒಂದು ಪದ ಸೇರಿದೆ. ಇಲ್ಲಿ ಆಗುವ ತಪ್ಪು ಅವಸರ: ಸಮಯ ಮೀರಿತೆಂದು ಓಡುವುದು, ಇಲ್ಲವೇ ನೇರ ಪುನರುತ್ಥಾನಕ್ಕೆ ಹಾರುವುದು. ಈಸ್ಟರ್ ಭಾನುವಾರಕ್ಕೆ ಇರಲಿ. ಶುಕ್ರವಾರ ಸಮಾಧಿಯ ಕಲ್ಲು ಮುಚ್ಚಿಯೇ ಇರಬೇಕು.

ಆರನೇ ಮಾತು: ಒಂದು ಮಾದರಿ

ಹಾಳೆಯಿಂದ ಸಂದೇಶ ಹೇಗೆ ಹುಟ್ಟುತ್ತದೆ ಎಂದು ತೋರಿಸಲು ‘ತೀರಿತು’ ಮಾತನ್ನೇ ತೆಗೆದುಕೊಳ್ಳೋಣ. ಗ್ರೀಕಿನಲ್ಲಿ ಇದು ಒಂದೇ ಪದ, ತೆತೆಲೆಸ್ತಾಯ್. ಹಳೆಯ ಕನ್ನಡ ಭಾಷಾಂತರದಲ್ಲೂ ಒಂದೇ ಪದ. ಕೆಲವು ಭಾಷಾಂತರಗಳಲ್ಲಿ ‘ನೆರವೇರಿತು’ ಎಂಬ ಅರ್ಥದ ಮಾತಿದೆ.

‘ತೀರಿತು’ ಪದವನ್ನು ನೋಟ್‌ಬುಕ್ಕಿನ ನಡುವೆ ಬರೆದು, ನಿಮ್ಮ ಮನೆಯಲ್ಲಿ ಅದನ್ನು ಎಲ್ಲೆಲ್ಲಿ ಆಡುತ್ತೀರಿ ಎಂದು ಸುತ್ತ ಬರೆಯಿರಿ. ಡಬ್ಬಿಯಲ್ಲಿ ಅಕ್ಕಿ ತೀರಿತು. ಸೊಸೈಟಿ ಸಾಲ ತೀರಿತು. ಅಜ್ಜ ತೀರಿಕೊಂಡರು. ಮಗಳ ಮದುವೆ ಆಯಿತು, ಆಸೆ ತೀರಿತು. ಬರಿದಾಗುವುದು, ಋಣ ಹರಿಯುವುದು, ಸಾಯುವುದು, ಬಯಸಿದ್ದು ಈಡೇರುವುದು: ನಾಲ್ಕೂ ಒಂದೇ ಕ್ರಿಯಾಪದದಲ್ಲಿವೆ. ಯೋಹಾನ 19ರ ಆ ಗಳಿಗೆಯಲ್ಲೂ ನಾಲ್ಕೂ ಇವೆ. ಕನ್ನಡ ಇಲ್ಲಿ ಉಚಿತವಾಗಿ ಕೊಡುತ್ತಿರುವುದನ್ನು ಇಂಗ್ಲಿಷ್ ಪ್ರಸಂಗಗಳಿಂದ ಸಾಲ ತರುವ ಅಗತ್ಯವಿಲ್ಲ.

ಸಾಲ ತಂದರೆ ಏನಾಗುತ್ತದೆ? ‘ಆ ಕಾಲದಲ್ಲಿ ಸಾಲದ ರಸೀದಿಗಳ ಮೇಲೆ ತೆತೆಲೆಸ್ತಾಯ್ ಎಂದು ಮೊಹರು ಒತ್ತುತ್ತಿದ್ದರು’ ಎಂಬ ಕಥೆ ಬರುತ್ತದೆ. ಆ ಹಳೆಯ ಚೀಟಿಗಳ ಮೇಲಿರುವುದು ಮೊಟಕು ಅಕ್ಷರ, ಅದನ್ನು ಹಾಗೇ ಓದಬೇಕೆಂಬುದನ್ನು ಬಲ್ಲವರು ಒಪ್ಪುವುದಿಲ್ಲ. ಗಟ್ಟಿ ನೆಲ ಬೇಕಿದ್ದರೆ ಸತ್ಯವೇದದಲ್ಲೇ ಇದೆ: ಇದೇ ಕ್ರಿಯಾಪದದ ರೂಪಗಳನ್ನು ಮತ್ತಾಯ 17:24ರಲ್ಲೂ ರೋಮಾಪುರ 13:6ರಲ್ಲೂ ತೆರಿಗೆ ಸಲ್ಲಿಸುವುದಕ್ಕೆ ಬಳಸಿದೆ.

ಮುಂದಿನ ಹೆಜ್ಜೆ, ಯೋಹಾನನಲ್ಲಿ ಬೇರು ಹುಡುಕುವುದು. 19:28ರಲ್ಲಿ ಎಲ್ಲವೂ ಆಗಲೇ ತೀರಿತೆಂದು ಯೇಸು ತಿಳಿದಿದ್ದನು ಎಂದಿದೆ. ಮೂಲದಲ್ಲಿ ಅಲ್ಲೂ ಇದೇ ಪದ. ಹಿಂದಕ್ಕೆ ಹೋದರೆ 13:1: ಕಾಲು ತೊಳೆಯಲು ಏಳುವ ಮೊದಲು, ತನ್ನವರನ್ನು ಕಡೆಯವರೆಗೂ ಪ್ರೀತಿಸಿದನು. ಆ ‘ಕಡೆ’ ಎಂಬ ಪದ ‘ತೀರಿತು’ ಪದದ ಒಡಹುಟ್ಟು. ಅಲ್ಲಿಗೆ ಸಂದೇಶದ ಬೆನ್ನೆಲುಬು ಸಿಕ್ಕಿತು: ತೀರುವವರೆಗೆ ಪ್ರೀತಿಸಿದನು, ಪ್ರೀತಿಸಿ ತೀರಿಸಿದನು. ಒಂದು ವಾಕ್ಯ ಹೀಗಾಗುತ್ತದೆ: ‘ನಾವು ತೀರಿಸಲಾಗದ್ದನ್ನು ದೇವರು ತನ್ನ ಮಗನಲ್ಲಿ ತಾನೇ ತೀರಿಸಿದನು.’ ಕರ್ತೃ ದೇವರೇ.

ಹನ್ನೆರಡು ನಿಮಿಷದ ಹಂಚಿಕೆ: ಮೊದಲ ಎರಡು, ‘ತೀರಿತು’ ನಮ್ಮ ಮನೆಯಲ್ಲಿ. ಮುಂದಿನ ಮೂರು, ಕಾಲು ತೊಳೆದ ರಾತ್ರಿಯಿಂದ ಶಿಲುಬೆಯವರೆಗೆ. ಆಮೇಲೆ ನಾಲ್ಕು, ಏನು ತೀರಿತು. ಬಳೆಯ ಚಿತ್ರ ಇಲ್ಲಿ ಬರಲಿ. ಕೊನೆಯ ಮೂರು, ಕೇಳುವವರಿಗೆ. ಆ ಕೊನೆಯ ಭಾಗದಲ್ಲಿ ಮಾತು ಹೀಗಿರಬಹುದು:

‘ಬಳೆ ಬಿಡಿಸಿ ತಂದು ನಿಮ್ಮ ಕೈಗೆ ಕೊಟ್ಟಿದ್ದಾರೆ ಅಂದುಕೊಳ್ಳಿ ಅಮ್ಮಾ. ಮಾರನೇ ದಿನವೂ ಅದೇ ಅಂಗಡಿಗೆ ಹೋಗಿ ಬಡ್ಡಿ ಕಟ್ಟುತ್ತೀರಾ? ನಮ್ಮಲ್ಲಿ ಎಷ್ಟೋ ಜನ ಕಟ್ಟುತ್ತಿದ್ದೇವೆ. ಇನ್ನೊಂದು ಉಪವಾಸ, ಇನ್ನೊಂದು ಹರಕೆ, ಇನ್ನೊಂದು ಕಾಣಿಕೆ, ದೇವರು ಇನ್ನೂ ಸಿಟ್ಟಾಗಿದ್ದಾನೋ ಏನೋ ಅಂತ. ಅಂಗಡಿ ಮುಚ್ಚಿದೆ. ತೀರಿತು.’

ಅಲ್ಲಿಗೆ ನಿಲ್ಲಿಸಿ ಕೂತುಬಿಡಿ. ‘ಹಾಗಾದರೆ ಹೇಗೆ ಬೇಕಾದರೂ ಬದುಕಬಹುದೇ?’ ಎಂಬ ಆತಂಕಕ್ಕೆ ಎಫೆಸ 2:10 ಇದೆ: ಸತ್ಕ್ರಿಯೆಗಳು ರಕ್ಷಣೆಯ ಬೆಲೆಯಲ್ಲ, ಅದರ ಫಲ. ಬೇಕಿದ್ದರೆ ಒಂದೇ ವಾಕ್ಯ ಹೇಳಿ, ಅದೂ ಬಳೆಯ ಮಾತಿಗೆ ಮೊದಲು. ಕೊನೆಗೆ ಹೇಳಿದರೆ ಕೊಟ್ಟದ್ದನ್ನು ಕಿತ್ತುಕೊಂಡಂತೆ ಕೇಳಿಸುತ್ತದೆ.

ಮೂರನೇ ವಾರ: ಬಾಯಿಗೆ ತರುವುದು

ಮೊಬೈಲಿನಲ್ಲಿ ಒಂದು ನಿಮಿಷ ಓದಿ ರೆಕಾರ್ಡ್ ಮಾಡಿ, ಪದ ಎಣಿಸಿ. ಕನ್ನಡದಲ್ಲಿ ನಿಧಾನವಾಗಿ ಓದಿದರೆ ನಿಮಿಷಕ್ಕೆ 80ರಿಂದ 100 ಪದ ಬರುತ್ತದೆ. ಅಂದರೆ ನಿಮ್ಮ ಬರಹ ಸುಮಾರು ಸಾವಿರ ಪದ ಮೀರಬಾರದು. ಮನೆಯಲ್ಲಿ 12 ನಿಮಿಷಕ್ಕೆ ಮುಗಿದದ್ದು ಸಭೆಯಲ್ಲಿ 14 ಆಗುತ್ತದೆ, ಏಕೆಂದರೆ ಅಲ್ಲಿ ಮೈಕಿನ ಪ್ರತಿಧ್ವನಿಗೆ ಕಾಯಬೇಕು. ಆದ್ದರಿಂದ ಮನೆಯಲ್ಲಿ 10ಕ್ಕೆ ಮುಗಿಸಿ.

ಬರಹದ ಕನ್ನಡವನ್ನು ಆಡುವ ಕನ್ನಡಕ್ಕೆ ಇಳಿಸಿ. ‘ಆದಕಾರಣ ಪ್ರಿಯರೇ’ ಒಂದು ಸಲ ಬಂದರೆ ಸಾಕು. ವಚನದ ಅಂಕಿಗಳನ್ನು ಬಾಯಲ್ಲಿ ಹೇಳುವುದು ಮೂರಕ್ಕಿಂತ ಹೆಚ್ಚಾದರೆ ಜನ ಪುಟ ತಿರುವುತ್ತಾ ಉಳಿಯುತ್ತಾರೆ. ಕಾಗದ ದಪ್ಪಗಿರಲಿ, ಒಂದೇ ಬದಿ ಬರೆಯಿರಿ, ಪುಟಕ್ಕೆ ಅಂಕಿ ಹಾಕಿ. ಫ್ಯಾನ್ ಗಾಳಿಗೆ ತೆಳು ಹಾಳೆ ಹಾರಿದರೆ ಹುಡುಕುವಷ್ಟರಲ್ಲಿ ಎದೆ ಬಾಯಿಗೆ ಬರುತ್ತದೆ. ಮೊಬೈಲ್ ನೋಡಿ ಓದುವುದಾದರೆ ಕರೆ ಬರದಂತೆ ಮಾಡಿಕೊಳ್ಳಿ.

ಹಿಂದಿನ ವಾರ ಏಳು ಜನರೂ ಅರ್ಧ ತಾಸು ಒಟ್ಟಿಗೆ ಕೂರಬೇಕು. ಪ್ರತಿಯೊಬ್ಬರೂ ತಮ್ಮ ಒಂದು ವಾಕ್ಯವನ್ನೂ ಒಂದು ಉದಾಹರಣೆಯನ್ನೂ ಹೇಳಿದರೆ ಸಾಕು. ಒಂದೇ ಕಥೆ ಇಬ್ಬರಲ್ಲಿದ್ದರೆ ಅಲ್ಲೇ ಗೊತ್ತಾಗುತ್ತದೆ. ಮೊದಲ ಮಾತಿನವರು ಆರನೆಯದನ್ನೂ ಹೇಳಿ ಮುಗಿಸುವ ಅಭ್ಯಾಸಕ್ಕೂ ಇದೇ ಮದ್ದು. ಕ್ವಯರ್ ಮುಖ್ಯಸ್ಥರನ್ನೂ ಕರೆಯಿರಿ. ಗೀತೆಯ ಎಷ್ಟು ಚರಣ ಹಾಡುವುದು ಅಂದೇ ತೀರ್ಮಾನವಾಗಲಿ. ಆರು ಚರಣದ ಗೀತೆ ನಾಲ್ಕು ನಿಮಿಷದಲ್ಲಿ ಮುಗಿಯುವುದಿಲ್ಲ.

ಆ ದಿನ

ಶುಭ ಶುಕ್ರವಾರ ಮಾರ್ಚ್ 20 ಮತ್ತು ಏಪ್ರಿಲ್ 23ರ ನಡುವೆ ಎಂದಾದರೂ ಬರುತ್ತದೆ. ಬಳ್ಳಾರಿ, ರಾಯಚೂರು, ಕಲಬುರಗಿ ಕಡೆ ಅದು ಸುಡುವ ಮಧ್ಯಾಹ್ನ. ಕರೆಂಟು ಹೋದರೆ ಮೈಕಿಗೂ ಫ್ಯಾನಿಗೂ ಏನು ಎಂದು ಹಿಂದಿನ ದಿನವೇ ಕೇಳಿ. ಬಾಗಿಲ ಬಳಿ ಕುಡಿಯುವ ನೀರು ಇಡಿಸಿ. ಸಕ್ಕರೆ ಕಾಯಿಲೆಯವರೂ ಬಸುರಿಯರೂ ಉಪವಾಸ ಮುರಿದರೆ ಪಾಪವಲ್ಲ ಎಂದು ಆರಂಭದಲ್ಲೇ ಸಭಾಪಾಲಕರು ಹೇಳಲಿ, ನೀವು ಬಯಸಿದರೂ ಅವರು ನಿಮ್ಮ ಮಾತಿಗೆ ನೀರು ಕುಡಿಯುವುದಿಲ್ಲ.

ಪೀಠಕ್ಕೆ ಹೋದಾಗ ‘ನನಗೆ ಈ ಅವಕಾಶ ಕೊಟ್ಟ ಸಭಾಪಾಲಕರಿಗೂ ಕಮಿಟಿಯವರಿಗೂ’ ಎಂದು ವಂದನೆ ಶುರುಮಾಡಬೇಡಿ. ಏಳು ಜನ ಏಳು ಸಲ ಹೇಳಿದರೆ ಹತ್ತು ನಿಮಿಷ ಹೋಯಿತು. ನೇರ ವಚನ ಓದಿ. ಮೈಕ್ ಬಾಯಿಂದ ಒಂದು ಗೇಣು ದೂರ. ಗಂಟಲು ಉಬ್ಬಿ ಬಂದರೆ ನಿಲ್ಲಿಸಿ, ಉಸಿರು ತೆಗೆದುಕೊಂಡು ಮುಂದುವರಿಸಿ. ಬೇಕೆಂದೇ ತರಿಸಿಕೊಂಡ ಅಳು ಮೈಕಿನಲ್ಲಿ ತಕ್ಷಣ ಗೊತ್ತಾಗುತ್ತದೆ. ಗಡಿಯಾರವನ್ನು ಕೈಯಿಂದ ಬಿಚ್ಚಿ ಕಾಗದದ ಪಕ್ಕ ಇಡಿ. ಪದೇ ಪದೇ ಮಣಿಕಟ್ಟು ನೋಡಿಕೊಳ್ಳುವವರನ್ನು ಸಭೆಯೂ ನೋಡುತ್ತದೆ. ಮುಗಿದ ಮೇಲೆ ಎರಡು ನಿಮಿಷದ ಮೌನ ಬಹಳ ಉದ್ದ ಅನ್ನಿಸುತ್ತದೆ. ಆರ್ಗನ್ ನುಡಿಸುವವರು ಗಾಬರಿಯಾಗಿ ಮೂವತ್ತು ಸೆಕೆಂಡಿಗೇ ಶುರುಮಾಡದಂತೆ, ಯಾರು ಕೈ ಎತ್ತಿದರೆ ಶುರು ಎಂದು ಮೊದಲೇ ಮಾತಾಡಿಕೊಂಡಿರಿ.

ಮೂರು ಗಂಟೆಗೆ ಜನ ಮಾತಿಲ್ಲದೆ ಹೊರಗೆ ಹೋಗುತ್ತಾರೆ. ಅಂಗಳದಲ್ಲಿ ಗಂಜಿ ಇಟ್ಟಿದ್ದರೆ ನೀವು ಬಡಿಸುವ ಕಡೆ ನಿಲ್ಲಿ. ಆ ದಿನ ಯಾರೂ ‘ಚೆನ್ನಾಗಿ ಮಾತಾಡಿದಿರಿ’ ಎನ್ನದಿದ್ದರೆ ಬೇಸರ ಬೇಡ. ಕಾಗದಗಳನ್ನು ತಾರೀಖು ಹಾಕಿ ಎತ್ತಿಡಿ. ಮುಂದಿನ ವರ್ಷ ನಿಮ್ಮ ಪಾಲಿಗೆ ಬೇರೆ ಮಾತು ಬರುತ್ತದೆ, ಈ ವರ್ಷದ್ದು ಬಂದವರು ಬಂದು ಕೇಳುತ್ತಾರೆ.